ಯಜಮಾನನ ವೈಫೈ

"ಕಿರುಬೆರಳಿಂದ ಶುರು ಮಾಡ್ಲಾ, ಹೆಬ್ಬೆರಳಿಂದ ಮಾಡ್ಲಾ?"

ಕೇಳಿದವನು ಗೂಳಿ. ಕೈಯಲ್ಲಿ ಇಕ್ಕಳ. ನನ್ನ ಎಡಗೈಯನ್ನೂ ಎರಡು ಕಾಲುಗಳನ್ನೂ ಕುರ್ಚಿಗೆ ಬಿಗಿದಿದ್ದರು. ಬಲಗೈ ಮಾತ್ರ ಬಿಟ್ಟಿದ್ದರು... ಫೋನ್ ಹಿಡಿಯಲು!

"ಹೆಬ್ಬೆರಳು ಬೇಡಪ್ಪಾ," ಎಂದೆ. "ಫೋನ್ ಒತ್ತೋಕೆ ಬೇಕಾಗುತ್ತೆ."

ಧೈರ್ಯದ ಮಾತೆಂದು ತಿಳಿಯಬೇಡಿ. ದನಿ ಗಡಗಡ ನಡುಗುತ್ತಿತ್ತು.

ಮೇಜಿನ ಹಿಂದೆ ಯಜಮಾನ ಕೂತಿದ್ದ. ಊರಿನ ಅತಿ ದೊಡ್ಡ ಟೀವಿ ಶೋರೂಮ್ ಇವನದು. ನಾವಿದ್ದದ್ದು ಅದರ ಹಿಂಬದಿಯ ಆಫೀಸಿನಲ್ಲಿ. ನಡುವೆ ಒಂದು ಗಾಜಿನ ಬಾಗಿಲು, ಅದಕ್ಕೆ ಎಳೆದ ಪರದೆ. ಆಚೆ ಗಿರಾಕಿಗಳ ಗದ್ದಲ. ಹಾಡಹಗಲು ಸ್ವಾಮಿ!

ಹೋದ ಭಾನುವಾರ ಇವನ ಗೋಡೌನ್ ಸುಟ್ಟು ಬೂದಿಯಾಯಿತು. ವಾಚ್‌ಮನ್ ಸಿಗರೇಟ್ ಎಸೆದು ಬೆಂಕಿ ಹಚ್ಚಿದ ಎಂದು ಇವನೇ ಕಂಪ್ಲೇಂಟ್ ಕೊಟ್ಟ. ಮುದುಕ ಲಾಕಪ್ಪು ಸೇರಿದ. ಅವನ ಮಗಳು ಅಳುತ್ತ ಪತ್ತೇದಾರನಾದ ನನ್ನ ಹತ್ತಿರ ಬಂದಳು.

"ನಮ್ಮಪ್ಪ ಸಿಗರೇಟ್ ಮುಟ್ಟಿದವರೇ ಅಲ್ಲ ಸಾರ್. ನಾಳೆ ಜೈಲಿಗೆ ಕಳಿಸ್ತಾರಂತೆ."

ಗೋಡೌನಿನ ಎದುರಿಗಿದ್ದ ಟೈರ್ ಅಂಗಡಿಯ ಕ್ಯಾಮೆರಾ ಜಾಲಾಡಿದೆ. ಸಿಕ್ಕಿತು! ಇನ್ಶೂರೆನ್ಸ್ ದುಡ್ಡಿನ ಆಸೆಗೆ ಯಜಮಾನನೇ ನಿಂತು ಗೂಳಿಯ ಕೈಲಿ ಪೆಟ್ರೋಲ್ ಸುರಿಸುವ ದೃಶ್ಯ, ಮಾತಿನ ಸಮೇತ. ಗಂಟೆಯೊಳಗೇ ಯಾರೋ ಅಂಗಡಿಯವನನ್ನು ಹೆದರಿಸಿ ಅದನ್ನು ಅಳಿಸಿದರು. ಉಳಿದದ್ದು ನನ್ನ ಹತ್ತಿರದ ಕಾಪಿ ಒಂದೇ.

ನೇರ ಪೊಲೀಸರಿಗೆ ಕೊಡಬಹುದಿತ್ತು. ತಲೆ ನೆಟ್ಟಗಿರುವವರು ಅದನ್ನೇ ಮಾಡುತ್ತಾರೆ. ನನಗೋ, ಯಜಮಾನನ ಮುಖ ಬಿಳಿಚಿಕೊಳ್ಳುವುದನ್ನು ಕಣ್ಣಾರೆ ನೋಡುವ ಆಸೆ! ಮುದುಕನ ಮಗಳನ್ನು ಶೋರೂಮಿನ ಹೊರಗೆ ನಿಲ್ಲಿಸಿ, ಕಾಲರ್ ಸರಿಮಾಡಿಕೊಂಡು ಒಬ್ಬನೇ ನುಗ್ಗಿದೆ. "ಕಂಪ್ಲೇಂಟ್ ವಾಪಸ್ ತಗೊಳ್ಳಿ," ಎಂದು ಗುಟುರು ಹಾಕಿದೆ. ಮಾತು ಮುಗಿಯುವಷ್ಟರಲ್ಲಿ ಕುರ್ಚಿಯಲ್ಲಿದ್ದೆ.

"ತೋರ್ಸು ವಿಡಿಯೋ," ಎಂದ ಯಜಮಾನ. "ಇದ್ರೆ ನಾನು ಮಾತಾಡ್ತೀನಿ. ಇಲ್ದಿದ್ರೆ ಗೂಳಿ ಮಾತಾಡ್ತಾನೆ."

ವಿಡಿಯೋ ಫೋನಿನಲ್ಲಿ ಇರಲಿಲ್ಲ. ಇದ್ದದ್ದು ಮನೆಯ ಕಂಪ್ಯೂಟರಿನಲ್ಲಿ. ನಾನು ಎಲ್ಲೇ ಇರಲಿ, ನೆಟ್ ಮೂಲಕ ಅಲ್ಲಿಂದ ಹರಿದು ಬಂದು ಫೋನಿನಲ್ಲಿ ಓಡುವಂತೆ ಏರ್ಪಾಡು ಮಾಡಿಕೊಂಡಿದ್ದೆ. ಭಾರೀ ಬುದ್ಧಿವಂತ ನಾನು!

ಒತ್ತಿದೆ.

'ಕಂಪ್ಯೂಟರ್ ಸಿಗುತ್ತಿಲ್ಲ' ಎಂದಿತು ಫೋನು.

ಯಜಮಾನನ ಅಪ್ಪಣೆ ಪಡೆದು ಮನೆಗೆ ಫೋನ್ ಮಾಡಿದೆ.

"ಅತ್ತೆ, ಕಂಪ್ಯೂಟರ್ ಆಫ್ ಮಾಡಿದ್ರಾ?"

"ಹೂಂ ಮತ್ತೆ! ನೀವು ಮನೇಲಿ ಇಲ್ದಿರೋವಾಗ ಅದ್ಯಾಕೆ ಗುಂಯ್ ಅಂತಿರಬೇಕು? ಕರೆಂಟ್ ಬಿಲ್ಲು ಏನು ನಿಮ್ಮ ಮಾವ ಕಟ್ತಾರಾ?"

"ಸ್ವಲ್ಪ ಆನ್ ಮಾಡಿ ಅತ್ತೆ... ಅರ್ಜೆಂಟು!"

"ಊಟಕ್ಕೆ ಕೂತಿದೀನಿ ಅಳಿಯಂದಿರೇ. ಎಲ್ಲಿದೀರಾ? ದನಿ ಯಾಕೆ ಹಾಗಿದೆ?"

ಗೂಳಿ ನನ್ನ ಎಡಗೈ ಕಿರುಬೆರಳಿಗೆ ಇಕ್ಕಳ ತಾಗಿಸಿದ.

"ಫ್ರೆಂಡ್ಸ್ ಜೊತೆ ಇದೀನಿ!"

"ಆ ಪೋಲಿಗಳ ಸಹವಾಸ ಬಿಡಿ ಅಂತ ಎಷ್ಟು ಸಲ ಬಡ್ಕೊಳ್ಳೋದು?"

ಬೈಯುತ್ತಲೇ ಎದ್ದು ಹೋಗಿ ಗುಂಡಿ ಒತ್ತಿದರು. ಪುಣ್ಯಾತ್ಗಿತ್ತಿ!

ಫೋನಿನಲ್ಲಿ ಚಕ್ರ ತಿರುಗಲು ಶುರುವಾಯಿತು. ತಿರುಗಿತು... ತಿರುಗುತ್ತಲೇ ಇತ್ತು... ಮೂವರೂ ತಲೆಗೆ ತಲೆ ತಾಗಿಸಿಕೊಂಡು ಅದನ್ನೇ ನೋಡಿದೆವು.

"ಏನೋ ಇದು ಗಿರಿಗಿಟ್ಲೆ?" ಎಂದ ಗೂಳಿ.

"ಇಲ್ಲಿ ಸಿಗ್ನಲ್ ಮಾತಿಗೆ ಸಾಕು, ವಿಡಿಯೋಗೆ ಸಾಲಲ್ಲ." ಯಜಮಾನನ ಕಡೆ ತಿರುಗಿದೆ. "ಸಾರ್... ನಿಮ್ಮ ವೈಫೈ ಪಾಸ್‌ವರ್ಡ್ ಕೊಡ್ತೀರಾ?"

ನನ್ನನ್ನು ತುಂಬ ಜನ ಕಟ್ಟಿಹಾಕಿದ್ದಾರೆ. ಕಟ್ಟಿಹಾಕಿದವನ ಹತ್ತಿರ ವೈಫೈ ಬೇಡಿದ್ದು ಅದೇ ಮೊದಲು.

ಯಜಮಾನ ಹಲ್ಲು ಕಡಿದ. ಕೊಟ್ಟ!

ವಿಡಿಯೋ ಬಂತು. ಗೋಡೌನಿನ ಬಾಗಿಲು, ಅದರ ಮುಂದೆ ಇರುವೆಗಾತ್ರದ ಇಬ್ಬರು.

"ದೊಡ್ಡದು ಮಾಡೋ, ಏನೂ ಕಾಣಲ್ಲ."

ಮೂಲೆಯಲ್ಲಿ ಒಂದು ಪುಟ್ಟ ಚೌಕದ ಚಿಹ್ನೆ ಇತ್ತು. ದೊಡ್ಡದು ಮಾಡುವುದು ಇದೇ ಇರಬೇಕು ಎಂದು ಒತ್ತಿದೆ. ಫೋನು ಏನೋ ಕೇಳಿತು. ಓದದೆ ಅದಕ್ಕೂ ಹೂಂ ಎಂದೆ.

ಫೋನಿನ ಪರದೆ ಕಪ್ಪಾಯಿತು.

ಯಜಮಾನ ಬಿದ್ದು ಬಿದ್ದು ನಕ್ಕ. "ಬರೀ ಬಾಗಿಲು ತೋರ್ಸಿ ನನ್ನ ಹೆದರ್ಸೋಕೆ ಬಂದ್ಯಾ? ಗೂಳಿ, ಶುರು ಮಾಡು."

ಇಕ್ಕಳ ಬಾಯಿ ತೆರೆಯಿತು. ಕಣ್ಣು ಮುಚ್ಚಿಕೊಂಡೆ. ಹೊರಗೆ ಕಾಯುತ್ತಿದ್ದ ಹುಡುಗಿಯ ಮುಖ ಕಣ್ಣಮುಂದೆ ಬಂತು. ನನ್ನ ಜಂಬಕ್ಕೆ ಆ ಮುದುಕ ಜೈಲು ಪಾಲಾಗುತ್ತಾನಲ್ಲ!

ಆಗ ಗಾಜಿನಾಚೆಯಿಂದ ಒಂದು ದನಿ ಗುಡುಗಿತು.

"ಸುರಿಯೋ ಗೂಳಿ, ಚೆನ್ನಾಗಿ ಸುರಿ! ಮುದುಕನ್ನ ಊಟಕ್ಕೆ ಕಳ್ಸಿದೀನಿ. ಎಲ್ಲಾ ಅವನ ತಲೆಗೆ ಕಟ್ಟಿದ್ರಾಯ್ತು!"

ಯಜಮಾನನ ದನಿ. ಆದರೆ ಯಜಮಾನ ನನ್ನೆದುರು ಬಾಯಿ ಬಿಟ್ಟುಕೊಂಡು ಕೂತಿದ್ದ!

ಗೂಳಿ ಪರದೆ ಸರಿಸಿದ.

ಶೋರೂಮಿನ ಗೋಡೆ ತುಂಬ ಟೀವಿಗಳು. ಒಂದೊಂದರಲ್ಲೂ ಯಜಮಾನ! ಮಾತಾಡುತ್ತ ಕ್ಯಾಮೆರಾದ ಹತ್ತಿರಕ್ಕೇ ಬಂದುಬಿಟ್ಟಿದ್ದ; ದೊಡ್ಡದರಲ್ಲಂತೂ ಆಳೆತ್ತರ, ಮೂಗಿನ ಮೇಲಿನ ಬೆವರು ಸಮೇತ. ನಾನು ಒತ್ತಿದ್ದು ವಿಡಿಯೋವನ್ನು ಟೀವಿಗೆ ಕಳಿಸುವ ಗುಂಡಿ. ಅದು ಅವನದೇ ವೈಫೈ ಹಿಡಿದು ಅವನದೇ ಟೀವಿಗೆ ಹೋಗಿತ್ತು. ಗಿರಾಕಿಗಳಿಗೆ ಒಂದೇ ಚಿತ್ರ ತೋರಿಸಲೆಂದು ಅವನು ಎಲ್ಲ ಟೀವಿಗಳನ್ನೂ ಒಟ್ಟಿಗೆ ಜೋಡಿಸಿಟ್ಟಿದ್ದ.

"ಆರ್ಸೋ!" ಯಜಮಾನ ಕಿರುಚಿದ.

ಗೂಳಿ ಓಡಿ ಕೈಗೆ ಸಿಕ್ಕ ರಿಮೋಟ್ ಎತ್ತಿ ಒತ್ತಿದ. ಸೌಂಡ್ ಜಾಸ್ತಿಯಾಯಿತು! ಇನ್ನೊಂದು ಎತ್ತಿದ. ಇನ್ನೂ ಜಾಸ್ತಿ! ಗಿರಾಕಿಗಳ ಫೋನುಗಳೆಲ್ಲ ಮೇಲೆದ್ದು ರೆಕಾರ್ಡ್ ಮಾಡತೊಡಗಿದವು.

"ಮೇನ್ ಸ್ವಿಚ್!" ಯಜಮಾನ ಆಫೀಸಿನ ಮೂಲೆಗೆ ಹಾರಿದ.

ನಾನೂ ಹಾರಿದೆ. ಕುರ್ಚಿ ಸಮೇತ! ಸ್ವಿಚ್ಚಿಗೆ ಅಡ್ಡ ನಿಲ್ಲುವ ಯೋಚನೆ. ನಿಲ್ಲಲಿಲ್ಲ, ಅವನ ಕಾಲಿಗೆ ಸಿಕ್ಕಿ ಬೋರಲು ಬಿದ್ದೆ. ಅವನು ನನ್ನ ಮೇಲೆ ಬಿದ್ದ. ನನ್ನ ಮೂಗು ಪಟ್ಟೆಂದಿತು. ಆದರೂ ಅವನ ಪ್ಯಾಂಟು ಬಿಡಲಿಲ್ಲ. ಒದ್ದ, ಗುದ್ದಿದ, ಕೂದಲು ಕಿತ್ತ... ಬಿಡಲಿಲ್ಲ!

ಹೊರಗಿನ ಗಾಜಿನಿಂದ ಟೀವಿ ನೋಡಿದ ಹುಡುಗಿ ಓಡಿಹೋಗಿ ಸ್ಟೇಷನ್ನಿನಿಂದ ಇನ್ಸ್‌ಪೆಕ್ಟರನ್ನೇ ಎಳೆದುಕೊಂಡು ಬಂದಿದ್ದಳು. ಅವರು ಬರುವಷ್ಟರಲ್ಲಿ ವಿಡಿಯೋ ಮುಗಿದಿತ್ತು.

"ಮೊದ್ಲಿಂದ ಹಾಕ್ರೀ," ಎಂದರು. ಕುರ್ಚಿ ಎಳೆದುಕೊಂಡು ದೊಡ್ಡ ಟೀವಿಯ ಮುಂದೆ ಕೂತರು.

ಸಂಜೆ ಮುದುಕ ಲಾಕಪ್ಪಿನಿಂದ ಹೊರಬಂದ. ಮಗಳು ಅಪ್ಪನ ಎದೆಗೆ ಮುಖವಿಟ್ಟು ಗೊಳೋ ಎಂದು ಅತ್ತಳು.

"ಎಂಥಾ ಪ್ಲಾನ್ ಸಾರ್ ನಿಮ್ದು!" ಎಂದಳು ಕಣ್ಣೊರೆಸಿಕೊಂಡು. "ಅವನ ವೈಫೈ, ಅವನ ಟೀವಿ, ಅವನದೇ ಬಾಯಿ!"

ಮುದುಕ ನನ್ನ ಎರಡೂ ಕೈ ಹಿಡಿದುಕೊಂಡ. "ಮಗಳೇ, ಇವ್ರ ಹತ್ರ ಸೇರ್ಕೊಂಡು ಈ ಕೆಲ್ಸ ಕಲ್ತ್ಕೊಳ್ಳೇ."

ಬ್ಯಾಂಡೇಜು ಸುತ್ತಿದ ಮೂಗನ್ನು ಮೇಲೆತ್ತಿ, ಗತ್ತಿನಿಂದ ಹೇಳಿದೆ.

"ಬೇಡಮ್ಮಾ... ಇದು ಕಲಿಸಿದ್ರೆ ಬರೋ ವಿದ್ಯೆ ಅಲ್ಲ!"