ಎಡಗಡೆಯ ಖಾಲಿ ಜಾಗ

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮೂಡಿಗೆರೆಯ ಬೆಳೆಗಾರರ ಸಂಘದ ಫೋನು ಬಡಿದುಕೊಳ್ಳತೊಡಗಿದಾಗ, ಸರ್ವಮಂಗಳಾ ಹೊಸ ಕಂಪ್ಯೂಟರಿನ ಎಡ ಕೆಳಮೂಲೆಯನ್ನು ಇನ್ನೊಂದು ಸಲ ನೋಡಿದಳು. ಸ್ಟಾರ್ಟ್ ಬಟನ್ ಅಲ್ಲಿರಲಿಲ್ಲ. ಪೆಟ್ಟಿಗೆ ಬಿಚ್ಚಿದ ದಿನದಿಂದಲೂ ಇರಲಿಲ್ಲ. ಇಷ್ಟು ವರ್ಷ ಒಂದೇ ಜಾಗದಲ್ಲಿ ತೆಪ್ಪಗೆ ಕೂತಿದ್ದ ಬಟನ್ನನ್ನು ಎತ್ತಿ ಬಿಸಾಡಲು ಯಾವ ಪುಣ್ಯಾತ್ಮನಿಗೆ ಮನಸ್ಸು ಬಂತೋ, ಅವನ ತೋಟಕ್ಕೆ ಮೂರು ವರ್ಷ ಹೂಮಳೆ ಬೀಳದಿರಲಿ ಎಂದು ಶಪಿಸಿದಳು.

ಬಟನ್ನಿನ ಬದಲಿಗೆ ಪರದೆಯ ತುಂಬ ಬಣ್ಣಬಣ್ಣದ ಚೌಕಗಳು. ಒಂದರಲ್ಲಿ ಯಾವುದೋ ಪರದೇಶದ ಹವಾಮಾನ ತೋರಿಸುತ್ತಿತ್ತು. ಮೌಸನ್ನು ಮೂಲೆಗೆ ಒಯ್ದರೆ ಪಕ್ಕದಿಂದ ಏನೋ ಇಣುಕಿ ನೋಡಿ ಓಡಿಹೋಗುತ್ತಿತ್ತು. ಅವಳ ಫೈಲುಗಳೆಲ್ಲ ಐದಾರು ಮೆಟ್ಟಿಲು ಇಳಿದರೆ ಸಿಗುವ ಯಾವುದೋ ಫೋಲ್ಡರಿನ ಹೊಟ್ಟೆಯಲ್ಲಿದ್ದವು.

ಇದು ಮಾರ್ಚ್ ತಿಂಗಳು, ಕಾಫಿಗೆ ಹೂಮಳೆಯ ಕಾಲ. ಮಳೆ ಒಂದಿಂಚು, ಅಂದರೆ ನೂರು ಸೆಂಟ್ಸ್ ಬಿದ್ದರೆ ತೋಟ ಬೆಳ್ಳಗೆ ಅರಳುತ್ತದೆ. ಇಪ್ಪತ್ತೋ ಮೂವತ್ತೋ ಸೆಂಟ್ಸಿಗೆ ನಿಂತರೆ ಮೊಗ್ಗು ಅರ್ಧ ಕಣ್ಣು ಬಿಟ್ಟು ಹಾಳಾಗುತ್ತದೆ. ಅಂಥ ತೋಟಕ್ಕೆ ಅವತ್ತೇ ಸ್ಪ್ರಿಂಕ್ಲರ್ ಓಡಿಸಬೇಕು. ಸಂಘದಲ್ಲಿ ಇರುವುದು ಎರಡೇ ಪಂಪ್‌ಸೆಟ್ಟು. ಮಳೆ ಬಂದ ಮರುದಿನ ನಲವತ್ತೆರಡು ತೋಟದವರು ಎಂಟೂವರೆಗೆ ಮಳೆಮಾಪಕ ನೋಡಿ ಫೋನ್ ಮಾಡುತ್ತಾರೆ, ಒಂಬತ್ತೂವರೆಗೆ ಸರ್ವಮಂಗಳಾ ಪಟ್ಟಿ ಕೊಡುತ್ತಾಳೆ, ಪಂಪು ಯಾವ ಕಡೆ ಹೊರಡಬೇಕೆಂದು ಆ ಪಟ್ಟಿ ಹೇಳುತ್ತದೆ. ಆರು ವರ್ಷದಲ್ಲಿ ಅದು ಒಂದು ದಿನವೂ ತಡವಾಗಿರಲಿಲ್ಲ.

ಆ ಸೋಮವಾರ ಪಟ್ಟಿ ಹೊರಬಿದ್ದಾಗ ಹನ್ನೊಂದು ದಾಟಿತ್ತು. ಅಷ್ಟರಲ್ಲಿ ಎರಡೂ ಪಂಪು ಅಂದಾಜಿನ ಮೇಲೆ ಬೇರೆ ದಿಕ್ಕಿಗೆ ಹೋಗಿದ್ದವು. ಬರೀ ಇಪ್ಪತ್ತು ಸೆಂಟ್ಸ್ ಬಿದ್ದಿದ್ದ ದೇವರಮನೆಯ ಏಕಾಂತಪ್ಪನವರ ಎರಡೆಕರೆ ಹೂವು ಕರಟಿತು. ಅಧ್ಯಕ್ಷ ಚಂದ್ರಶೇಖರಪ್ಪನವರು ಗದರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. ಶುಕ್ರವಾರದ ಹೊತ್ತಿಗೆ ಮತ್ತೆ ಮಳೆಯಂತೆ, ಆಗಲೂ ಹೀಗೇ ಆದರೆ ಪಟ್ಟಿ ಕೆಲಸವನ್ನು ಚಿಕ್ಕಮಗಳೂರಿನಲ್ಲಿ ಯಾರಿಗಾದರೂ ವಹಿಸೋಣ, ನೀವು ಬೇರೆ ಕೆಲಸ ನೋಡಿಕೊಳ್ಳಿ ಎಂದು ಮೆತ್ತಗೆ ಹೇಳಿ ಹೋದರು.

ಈ ಕಂಪ್ಯೂಟರನ್ನು ತಂದಿಟ್ಟವನು ಕೊಟ್ಟಿಗೆಹಾರದಲ್ಲಿ ಅಂಗಡಿ ಇಟ್ಟಿದ್ದ ವಿಘ್ನೇಶ. ಹೆಸರಿನ ದೇವರು ವಿಘ್ನ ಕಳೆಯುತ್ತಾನೆ, ಈ ಮಾರಾಯ ಅದನ್ನು ಪೆಟ್ಟಿಗೆಯಲ್ಲಿ ಪ್ಯಾಕ್ ಮಾಡಿ ಬೈಕಿನಲ್ಲಿ ತಂದ. ಬುಧವಾರ ಮೂರನೇ ಸಲ ಬಂದವನು, ಮೌಸ್ ಯಾಕೆ ಮೇಡಂ, ಇದು ಟಚ್ಚು, ಬೆರಳಲ್ಲೇ ಮುಟ್ಟಿ ಎಂದು ಹಳೇ ರಾಗ ಎಳೆದ. ಅವಳು ಮುಟ್ಟಿದಳು. ಪರದೆ ಅಲ್ಲಾಡಲಿಲ್ಲ. ಅವನು ಮುಟ್ಟಿದ, ಫೈಲು ತೆರೆದುಕೊಂಡಿತು. ಮೆಲ್ಲಗೆ ಮುಟ್ಟಿ ಎಂದ, ಒತ್ತಿ ಮುಟ್ಟಿ ಎಂದ, ಅವಳು ಹೇಳಿದ ಹಾಗೆಲ್ಲ ಮಾಡಿದಳು. ಊಹೂಂ.

"ಒಂದ್ಸಲ ಕೈ ತೋರಿಸ್ತೀರಾ?"

"ಯಾಕೆ, ಭವಿಷ್ಯ ಹೇಳ್ತೀರಾ?"

ಕೇಳುತ್ತಲೇ ಕೈ ಚಾಚಿದ್ದಳು. ಆಫೀಸಿಗೆ ಬರುವ ಮೊದಲು ದಿನಾ ಎರಡು ಗಂಟೆ ಮನೆಯ ತೋಟದಲ್ಲಿ ದುಡಿಯುವ ಕೈ ಅದು. ಕಾಫಿ ಗಿಡದ ಚಿಗುರು ಮುರಿದು, ಮೆಣಸಿನ ಬಳ್ಳಿ ಕಟ್ಟಿ ಬೆರಳತುದಿ ಜಡ್ಡುಗಟ್ಟಿತ್ತು, ಗೆರೆಗಳಲ್ಲಿ ಕಂದು ಕಲೆ ಇಳಿದಿತ್ತು. ವಿಘ್ನೇಶ ಮುಟ್ಟಲಿಲ್ಲ, ಬಗ್ಗಿ ನೋಡಿದ. ಬಹಳ ಹೊತ್ತೇ ನೋಡಿದ. ಅವನ ರೆಪ್ಪೆ ಉದ್ದವಾಗಿದೆ ಎಂಬ ಬೇಡದ ವಿಷಯ ಆಗ ಅವಳ ಗಮನಕ್ಕೆ ಬಂತು.

"ತಪ್ಪು ನಿಮ್ಮ ಕೈಯದಲ್ಲ," ಎಂದ. "ಜಡ್ಡುಗಟ್ಟಿದ ಬೆರಳು ಟಚ್ಚಿಗೆ ಗೊತ್ತಾಗಲ್ಲ. ಈ ಕೈಗೆ ಇಂಥದ್ದನ್ನ ತಂದಿಟ್ನಲ್ಲ, ತಪ್ಪು ನನ್ನದು."

ಸರ್ವಮಂಗಳಾ ಒಂದು ವಾರದ ಜಗಳವನ್ನು ಜೋಡಿಸಿಟ್ಟುಕೊಂಡಿದ್ದಳು. ಈಗ ಅದನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ಇನ್ನಷ್ಟು ಸಿಟ್ಟು ಬಂತು. ತನ್ನ ಕೈಯನ್ನು ಇಷ್ಟು ಹೊತ್ತು ಯಾರೂ ನೋಡಿರಲಿಲ್ಲ ಎಂಬುದಕ್ಕೂ ಸಿಟ್ಟು ಬಂತು. ಅವಳಿಗೆ ಅವನು ಇಷ್ಟವಾಗತೊಡಗಿದ್ದ. ಆಗಬಾರದ ಹೊತ್ತಿನಲ್ಲಿ ಆಗುವ ಕೆಲಸಗಳೇ ಹೀಗೆ.

ಗುರುವಾರ ಮಧ್ಯಾಹ್ನ ಅವನು ಪೆನ್‌ಡ್ರೈವಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಹಿಡಿದುಕೊಂಡು ಬಂದ. ಅರ್ಧ ಗಂಟೆ ತಲೆಯೆತ್ತದೆ ಕೆಲಸ ಮಾಡಿ, ಆಫ್ ಮಾಡಿ ಆನ್ ಮಾಡಿದ. ಚೌಕಗಳ ಸಂತೆ ಬರಲೇ ಇಲ್ಲ. ನೇರವಾಗಿ ಹಳೆಯ ಡೆಸ್ಕ್‌ಟಾಪ್ ತೆರೆದುಕೊಂಡಿತು, ಎಡ ಕೆಳಮೂಲೆಯಲ್ಲಿ ದುಂಡಗೆ ಸ್ಟಾರ್ಟ್ ಬಟನ್. ಸರ್ವಮಂಗಳಾಳಿಗೆ ಕಳೆದುಹೋದ ಹಸು ಕೊಟ್ಟಿಗೆಗೆ ಬಂದಷ್ಟು ಸಂತೋಷವಾಯಿತು. ನಕ್ಕೇಬಿಟ್ಟಳು. ಅವನು ಪರದೆ ಬಿಟ್ಟು ಆ ನಗುವನ್ನೇ ನೋಡುತ್ತಿದ್ದ, ಅವಳು ತಿರುಗಿದ ತಕ್ಷಣ ವೈರು ಸರಿಮಾಡುವವನಂತೆ ಮೇಜಿನ ಕೆಳಗೆ ಬಗ್ಗಿದ.

ನಗು ಅರ್ಧ ನಿಮಿಷ ಇದ್ದಿರಬೇಕು. ಆಮೇಲೆ ಅವಳ ಕಣ್ಣು ನಲವತ್ತೆರಡು ತೋಟಗಳ ಫೈಲುಗಳ ಮೇಲೆ ಬಿತ್ತು. ಅವುಗಳನ್ನು ಅವನು ಹೆಸರಿನ ಅಕ್ಷರ ಹಿಡಿದು ಸಾಲಾಗಿ ನಿಲ್ಲಿಸಿದ್ದ.

"ಇದೇನಿದು? ಅತ್ತಿಗುಂಡಿ ಪಕ್ಕಕ್ಕೆ ಬಣಕಲ್ ತಂದು ಕೂರಿಸಿದೀರಿ."

"ಎ ಆದ್ಮೇಲೆ ಬಿ ಅಲ್ವಾ ಮೇಡಂ."

ಅವಳು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಹಳೆಯ ಕಂಪ್ಯೂಟರಿನಲ್ಲಿ ಅವಳು ಫೈಲುಗಳನ್ನು ಸಾಲಾಗಿ ಇಟ್ಟಿರಲಿಲ್ಲ, ಊರು ಇದ್ದ ಹಾಗೆ ಇಟ್ಟಿದ್ದಳು. ನಡುವೆ ಮೂಡಿಗೆರೆ, ಕೆಳಗೆ ದೇವರಮನೆ, ಬಲಗಡೆ ತುದಿಯಲ್ಲಿ ಮೇಲೆ ಅತ್ತಿಗುಂಡಿ, ಎಡಗಡೆ ಬಣಕಲ್, ಕೊಟ್ಟಿಗೆಹಾರ, ಕಳಸ. ಫೋನಿನಲ್ಲಿ ದನಿ ಕೇಳಿದರೆ ಸಾಕು, ಓದುವ ಕೆಲಸವಿಲ್ಲ, ಕೈ ತಾನಾಗಿ ಆ ತೋಟಕ್ಕೆ ಹೋಗುತ್ತಿತ್ತು. ಯಾರಾದರೂ ತಪ್ಪು ಲೆಕ್ಕ ಹೇಳಿದರೆ ಸುತ್ತಲಿನ ನಾಲ್ಕು ಫೈಲು ನೋಡಿ ಅಲ್ಲೇ ಹಿಡಿಯುತ್ತಿದ್ದಳು. ಅವನು ಫೈಲುಗಳನ್ನು ಒಂದೂ ಬಿಡದೆ ತಂದಿದ್ದ, ಜಾಗವನ್ನು ಮಾತ್ರ ಹಳೆಯ ಕಂಪ್ಯೂಟರಿನೊಂದಿಗೆ ಅಳಿಸಿಹಾಕಿದ್ದ.

ಇದನ್ನೆಲ್ಲ ಅವಳು ಬೈಗುಳದ ಧಾಟಿಯಲ್ಲೇ ಹೇಳಿದಳು. ಅವನು ಪೂರ್ತಿ ಕೇಳಿದ. ಅಂಗಡಿಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಎಂದು ಹೇಳಿ, ಕುರ್ಚಿ ಎಳೆದುಕೊಂಡು ಮೌಸ್ ಹಿಡಿದ. "ನೀವು ದಾರಿ ಹೇಳಿ. ನಾನು ಇಡ್ತಾ ಹೋಗ್ತೀನಿ."

ಇಬ್ಬರೂ ಒಂದೇ ಪರದೆಯ ಮುಂದೆ ಕೂತು ಸೀಮೆಯೆಲ್ಲ ಸುತ್ತಿದರು. ಒಬ್ಬ ಬೆಳೆಗಾರರ ತೋಟವನ್ನು ಅವನು ಹೇಮಾವತಿಯ ಆಚೆ ದಡಕ್ಕೆ ಇಟ್ಟಾಗ, ಹೊಳೆ ದಾಟಿಸಿಬಿಟ್ಟಿರಲ್ಲ, ಅವರು ಮನೆಗೆ ಹೋಗೋದು ಹೇಗೆ ಎಂದು ರೇಗಿದಳು. ಅತ್ತಿಗುಂಡಿಯ ಬಸವರಾಜಪ್ಪನವರನ್ನು ಇನ್ನೂ ಮೇಲೆ, ಇನ್ನೂ ಮೇಲೆ ಎಂದು ಏರಿಸುತ್ತ ಹೋದಾಗ, ಅವರಿಗೆ ಚಳಿ ಆಗಲ್ವಾ ಎಂದು ಅವನು ಕೇಳಿದ. ಅವಳು ನಗಬಾರದೆಂದು ತುಟಿ ಕಚ್ಚಿದಳು. ಅವನ ಮೊಣಕೈ ಅವಳ ಮೊಣಕೈಗೆ ತಾಗಿತು, ಸರಿದುಕೊಳ್ಳಲು ಇಬ್ಬರೂ ಸ್ವಲ್ಪ ತಡಮಾಡಿದರು.

ನಲವತ್ತೆರಡೂ ಕೂತ ಮೇಲೆ ಕಳಸದಿಂದಾಚೆ ಎಡಗಡೆಯ ಅಂಚಿನಲ್ಲಿ ಒಂದಿಷ್ಟು ಜಾಗ ಉಳಿಯಿತು. ಇಲ್ಲಿ ಯಾರೂ ಇಲ್ವಾ ಎಂದು ಅವನು ಕೇಳಿದ. ಅಲ್ಲಿಂದ ಯಾರೂ ಫೋನ್ ಮಾಡುವುದಿಲ್ಲ, ಆ ಕಡೆಯ ಮಳೆಗೆ ತಾನು ಕುರುಡಿ ಎಂದಳು.

"ಅಲ್ಲಿ ನಮ್ಮನೆ ಇದೆ," ಎಂದು ಮೌಸ್ ಅಲ್ಲೇ ನಿಲ್ಲಿಸಿದ. "ಅಮ್ಮಂದು ಒಂದೆಕರೆ ತೋಟ."

ಕೆಲಸ ಮುಗಿದಿತ್ತು. ಇನ್ನು ಅವನು ಬರುವ ಕಾರಣವೂ ಮುಗಿಯಿತು ಎಂದು ಹೊಳೆದದ್ದು ಅವನ ಬೈಕು ಗೇಟು ದಾಟಿದ ಮೇಲೆ. ಸಂಜೆಯೆಲ್ಲ ಅವಳಿಗೆ ಯಾರ ಮೇಲೆ ಎಂದು ತಿಳಿಯದ ಸಿಡಿಮಿಡಿ.

ಅವತ್ತು ರಾತ್ರಿ ಗುಡುಗಿ ಮಳೆ ಬಂತು. ಶುಕ್ರವಾರ ಎಂಟೂವರೆಗೆ ಫೋನು ಶುರುವಾಯಿತು. ದನಿ ಕೇಳುತ್ತಿದ್ದ ಹಾಗೆ ಅವಳ ಕೈ ಸರಸರ ಓಡಿತು. ಬಣಕಲ್ ಒಂದಿಂಚು ಹತ್ತು. ಅತ್ತಿಗುಂಡಿ ತೊಂಬತ್ತು. ಕೊಟ್ಟಿಗೆಹಾರದ ದ್ಯಾವಮ್ಮನದು ಇಪ್ಪತ್ತೈದೇ, ಕಳಸದ್ದು ಮೂವತ್ತು. ಒಂಬತ್ತು ಹತ್ತಕ್ಕೆ ಪಟ್ಟಿ ಚಂದ್ರಶೇಖರಪ್ಪನವರ ಮೇಜಿನ ಮೇಲಿತ್ತು. ಅವರು ಕನ್ನಡಕ ಏರಿಸಿ ಗಡಿಯಾರ ನೋಡಿ, ಎರಡೂ ಪಂಪನ್ನು ಕೊಟ್ಟಿಗೆಹಾರ, ಕಳಸದ ಕಡೆಗೆ ಹೊರಡಿಸಿದರು. ಚಿಕ್ಕಮಗಳೂರಿನ ಮಾತೆತ್ತಲಿಲ್ಲ. ಸರ್ವಮಂಗಳಾ ಕುರ್ಚಿಗೆ ಒರಗಿ ಉಸಿರು ಬಿಟ್ಟಳು. ಆಗ ಫೋನು ಮತ್ತೆ ಬಡಿಯಿತು.

"ಮಳೆ ಬರ್ಕೊಳ್ಳಿ," ಎಂದಿತು ವಿಘ್ನೇಶನ ದನಿ. "ಕಳಸದಾಚೆ, ನಾಲ್ಕೂವರೆ ಇಂಚು."

ಅವಳ ಕಣ್ಣು ಪಕ್ಕದ ಮೂವತ್ತು ಸೆಂಟ್ಸಿನ ಮೇಲೆ ಹೋಯಿತು. "ಮಾಪಕ ಎಲ್ಲಿಟ್ಟಿದೀರಿ?"

ನಿನ್ನೆ ಸಂಜೆ ಕೊಂಡುಕೊಂಡು, ಮಳೆ ಶುರುವಾಗುವ ಮೊದಲೇ ಮನೆಯ ಗೋಡೆ ಪಕ್ಕಕ್ಕೆ ನೆಟ್ಟೆ, ಜಗಲಿಯಿಂದ ಕೈಗೆ ಸಿಗುತ್ತದಲ್ಲ ಎಂದ. ಗೋಡೆ ಪಕ್ಕ ಅಂದರೆ ಸೂರಿನ ಕೆಳಗೆ. ಮಾಡಿನ ಹಂಚಿನ ನೀರೆಲ್ಲ ಹಿಡಿದು ತಂದು ಮಳೆ ಎನ್ನುತ್ತಿದ್ದಾನೆ. ಮಲೆನಾಡಿನಲ್ಲಿ ಹುಟ್ಟಿ, ಇಷ್ಟು ದೊಡ್ಡವನಾಗಿ, ಮಾಪಕ ಬಯಲಲ್ಲಿ ಇಡಬೇಕೆಂದು ಗೊತ್ತಿಲ್ಲವಲ್ಲ ಎಂದು ಅವಳು ಒಂದು ನಿಮಿಷ ಬಿಡದೆ ಬೈದಳು. ಈ ಲೆಕ್ಕವನ್ನು ಸತ್ತರೂ ಬರೆದುಕೊಳ್ಳುವುದಿಲ್ಲ ಎಂದಳು. ಅಷ್ಟಕ್ಕೂ ನಿಮಗ್ಯಾಕೆ ಬೇಕಿತ್ತು ಮಾಪಕ ಎಂದು ಕೇಳಿದಳು.



"ಕಂಪ್ಯೂಟರ್ ಸರಿಯಾಗಿಬಿಡ್ತಲ್ಲ," ಎಂದ. "ಇನ್ನು ನೀವು ನನ್ನ ಕರೆಯಲ್ಲ. ದಿನಾ ಎಂಟೂವರೆಗೆ ನಿಮ್ಮ ದನಿ ಕೇಳೋಕೆ ನನಗೊಂದು ಕಾರಣ ಬೇಕಿತ್ತು."

ಸರ್ವಮಂಗಳಾಳ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ಕರಗಿತು. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಭಾನುವಾರ ಬರ್ತೀನಿ. ಅಮ್ಮಂಗೆ ಹೇಳಿಡಿ. ಆ ಮಾಪಕ ಕಿತ್ತು ಅಂಗಳದಾಚೆ ಬಯಲಿಗೆ ನಾನೇ ನೆಟ್ಟು ಬರ್ತೀನಿ. ನಿಮ್ಮನ್ನ ನಂಬಲ್ಲ."

"ನೆಡಿ. ಆದ್ರೆ ಹೂಮಳೆ ಮುಗಿದ್ಮೇಲೆ? ಮಳೆ ಬರದಿದ್ದ ದಿನ ಯಾರೂ ನಿಮಗೆ ಫೋನ್ ಮಾಡಲ್ಲವಂತೆ."

ನಿಜ, ಅದು ಸಂಘದಲ್ಲಿ ನಡೆದುಬಂದ ಪದ್ಧತಿ. ಮಳೆ ಇಲ್ಲದವರು ಫೋನ್ ಮಾಡುವಂತಿಲ್ಲ, ಲೈನು ಸುಮ್ಮನೆ ತುಂಬುತ್ತದೆಂದು ಅವಳೇ ಆರು ವರ್ಷದಿಂದ ಎಲ್ಲರನ್ನೂ ಗದರುತ್ತ ಬಂದಿದ್ದಳು. ಜಡ್ಡುಗಟ್ಟಿದ ಬೆರಳಿನಿಂದ ಮೌಸ್ ಎಳೆದು, ಕಳಸದಾಚೆಯ ಖಾಲಿ ಜಾಗದಲ್ಲಿ ನಲವತ್ತಮೂರನೆಯ ಫೈಲು ತೆರೆದು ಅವನ ಹೆಸರು ಬರೆದಳು.

"ನೀವು ಮಾಡಿ," ಎಂದಳು. "ಸೊನ್ನೆ ಇದ್ರೂ ಮಾಡಿ. ನಿಮ್ಮದೊಂದು ಸೊನ್ನೆನೂ ಬರ್ಕೋತೀನಿ."