ಮತ್ತೆ ಸೊನ್ನೆ ಮಾಡಬೇಡಿ

ಮಗಳು ರಕ್ಷಿತಾಳ ಎರಡನೇ ಜಡೆ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಬೆಲ್ ಆಯಿತು. ಹೇಮಶ್ರೀ ರಿಬ್ಬನ್ ಹಲ್ಲಲ್ಲಿ ಕಚ್ಚಿಕೊಂಡೇ ಬಾಗಿಲು ತೆಗೆದಳು.

ಹೊರಗೆ ಮನೋಹರ್. ಊದುಬತ್ತಿ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಅವಳ ಜೊತೆಯವನು. ಬಗಲಲ್ಲಿ ಲ್ಯಾಪ್‌ಟಾಪ್, ಮುಖದಲ್ಲಿ ಅಡಗದ ನಗು.

"ರಿಬ್ಬನ್ನೇ ತಿಂಡೀನಾ ಮೇಡಂ?"

ಅವಳು ನಾಚಿ ರಿಬ್ಬನ್ ತೆಗೆದಳು. "ಇಷ್ಟು ಬೇಗ? ಮೀಟಿಂಗ್ ಹತ್ತಕ್ಕಲ್ವಾ?"

"ಮೊದಲು ನಿಮಗೊಬ್ರಿಗೇ ಹೇಳ್ಬೇಕಿತ್ತು ಕಣ್ರೀ. ನಿಮ್ಮ ಚಾರ್ಟ್ ಸೋತಿಲ್ಲ." ಅವನು ಜಗಲಿಯ ಮೇಲೇ ಲ್ಯಾಪ್‌ಟಾಪ್ ಬಿಚ್ಚಿದ.

ಬತ್ತಿಗೆ ಹತ್ತುವ ಮಸಾಲೆಯ ತೂಕದ ಮೇಲೆ ಕಣ್ಣಿಡಲು ಅವರು ಎರಡು ವಿಧಾನಗಳನ್ನು ಹೋಲಿಸುತ್ತಿದ್ದರು. ಹಳೆಯ ಚಾರ್ಟು ತೂಕ ಮಿತಿಯ ಗೆರೆ ದಾಟಿದರಷ್ಟೇ ಎಚ್ಚರಿಕೆ ಕೂಗುತ್ತದೆ. ಹೇಮಶ್ರೀ ಹಟ ಹಿಡಿದು ತಂದ ಕ್ಯುಸಮ್ ಚಾರ್ಟು ಚೂರುಪಾರು ವ್ಯತ್ಯಾಸವನ್ನೂ ಕೂಡಿಸುತ್ತ ಹೋಗಿ, ಮೊತ್ತ ಬೆಳೆದರೆ ಕೂಗುತ್ತದೆ. ಆದರೂ ಟ್ರಯಲ್‌ನಲ್ಲಿ ಅದು ತುಟಿಪಿಟಕ್ಕೆನ್ನಲಿಲ್ಲ.

"ಶಿಫ್ಟ್ ಬದಲಾದಾಗಲೆಲ್ಲ ನಮ್ಮೋರು ಮೊತ್ತಾನ ಸೊನ್ನೆ ಮಾಡ್ಬುಡ್ತಿದ್ರು. ಹೊಸ ಶಿಫ್ಟು, ಹೊಸ ಲೆಕ್ಕ ಅಂತ! ನಾನು ಸೊನ್ನೆ ಮಾಡ್ದಂಗೆ ಅದೇ ಲೆಕ್ಕಾನ ಮತ್ತೆ ಓಡಿಸ್ದೆ. ಹಳೇದಕ್ಕಿಂತ ಎಷ್ಟೋ ಮುಂಚೆ ಕೂಗ್ತು."

"ನಿಜವಾಗ್ಲೂ?" ಅವಳ ಕಣ್ಣರಳಿತು.

"ನೀವೂ ಅಂಗೇ ಮಾಡ್ತೀರ." ಅವನ ದನಿ ತಗ್ಗಿತು. "ಸಂಜೆ ನಕ್ಕು ಮಾತಾಡ್ತೀರ. ಬೆಳಿಗ್ಗೆ 'ಗುಡ್ ಮಾರ್ನಿಂಗ್ ಸರ್'. ಮತ್ತೆ ಸೊನ್ನೆ."

ಹೇಮಶ್ರೀ ರಿಬ್ಬನ್ ಬೆರಳಿಗೆ ಸುತ್ತಿಕೊಂಡಳು. ಗಂಡ ತೀರಿಕೊಂಡ ಮೇಲೆ ಮನಸ್ಸಿಗೆ ಹತ್ತಿದ್ದನ್ನೆಲ್ಲ ಪ್ರತಿ ಬೆಳಿಗ್ಗೆ ಒರೆಸಿಹಾಕುವುದು ಅವಳಿಗೆ ರೂಢಿಯಾಗಿತ್ತು. ಇವನ ನಗು ಮಾತ್ರ ಒರೆಸಿದಷ್ಟೂ ಉಳಿಯುತ್ತಿತ್ತು.

ಅವಳ ತಾಯಿ ಮಹದೇವಮ್ಮ ಕಾಫಿ ತಂದರು. ಮಗಳಿಗೆ ಸ್ಟೀಲ್ ಲೋಟ, ಅವನಿಗೆ ಪೇಪರ್ ಕಪ್ಪು. ಅವನ ತಂದೆಯ ಹೆಸರು ಸಣ್ಣಮಾದಯ್ಯ ಎಂದು ತಿಳಿದು, ಅದರಿಂದ ಜಾತಿ ಊಹಿಸಿದ ದಿನದಿಂದ ಹೀಗೆಯೇ. ಮನೋಹರ್ ಎಂದಿನಂತೆ ಕೈ ಚಾಚಿದ.

ಹೇಮಶ್ರೀ ನಡುವೆಯೇ ಕಪ್ಪನ್ನು ಕಿತ್ತುಕೊಂಡು ತನ್ನ ಲೋಟವನ್ನು ಅವನ ಕೈಗಿಟ್ಟಳು. "ಕುಡೀರಿ."

"ಏನೇ ಇದು?" ಮಹದೇವಮ್ಮ ಗದರಿದರು.

"ಕಾಫಿ ಕಣಮ್ಮ." ಪೇಪರ್ ಕಪ್ಪಿನಿಂದ ಒಂದು ಗುಟುಕು ಕುಡಿದಳು. "ಇನ್ಮೇಲೆ ಇವರಿಗೆ ಲೋಟದಲ್ಲೇ. ಆಗಲ್ಲ ಅಂದ್ರೆ ನನಗೂ ಪೇಪರ್ ಕಪ್ಪೇ ಕೊಡು."

"ನಮ್ಮ ಕೃಷ್ಣಮೂರ್ತಿಪುರಂ ಪೂರ್ತಿ ಆಡ್ಕೊಳ್ತದೆ!"

"ಆಡ್ಕೊಳ್ಳಲಿ ಬುಡು. ನಾನಿವರನ್ನ ಇಷ್ಟಪಡ್ತೀನಿ."

ಲೋಟ ಮನೋಹರನ ತುಟಿಯ ಹತ್ತಿರವೇ ನಿಂತಿತು. "ಮೇಡಂ..."

"ಹೇಮಾ ಅನ್ನಿ."

ಮಹದೇವಮ್ಮ ಬಾಗಿಲಿಗೆ ಒರಗಿ ನಿಂತರು. ಒಳಗೆ ಹೋಗಲಿಲ್ಲ. ಅಜ್ಜಿಗೆ ಹೆದರಿ ಎಷ್ಟೋ ವಾರಗಳಿಂದ ಬಾಯಿ ಬಿಗಿಹಿಡಿದಿದ್ದ ರಕ್ಷಿತಾ ಅರ್ಧ ಜಡೆಯಲ್ಲೇ ಓಡಿಬಂದು ಮನೋಹರನ ತೋಳು ಜಗ್ಗಿದಳು.

"ಅಂಕಲ್, ನೀವು ನಮ್ಮನೇಲೇ ಇದ್ಬುಡ್ತೀರಾ?"