ಕುದಿನೀರಿಗೆ ಬಿದ್ದ ಪಚ್ಚೆ

“ನಿಮ್ಮ ಮನಸಿನ್ಯಾಗ ಬ್ಯಾರೆ ಯಾರರೆ ಅದಾರೇನ್ರಿ? ಇದ್ರ ಈಗ ಹೇಳಿಬಿಡ್ರಿ.”

ಸಿಂದಗಿ ಬಸ್ ಸ್ಟ್ಯಾಂಡಿನ ಎದುರಿಗಿರುವ ಮಾಳಿಂಗನ ಹರಳಿನ ಅಂಗಡಿ. ಅವನ ಮುಂದೆ ಉಂಗುರ ಇಟ್ಟು ರಾಜಶ್ರೀ ಕೇಳಿದ ಮೊದಲ ಮಾತೇ ಇದು. ಇಬ್ಬರ ನಿಶ್ಚಯ ಆಗಿ ಇನ್ನೂ ವಾರ ತುಂಬಿಲ್ಲ. ಅವತ್ತು ಹಿರಿಯರ ನಡುವೆ ತುಟಿ ಬಿಚ್ಚದವಳು ಇವತ್ತು ಮಾತಾಡಿದಳು ನೋಡಿ, ಅದೂ ಹೀಗೆ.

ಮಾಳಿಂಗ ಕಣ್ಣು ಕಣ್ಣು ಬಿಟ್ಟ. “ಯಾರ್ ಹೇಳಿದ್ರು ನಿನಗ?”

“ಹರಳ ಹೇಳೈತ್ರಿ.”

ನಿಶ್ಚಯದ ದಿನ ಅವನೇ ತೊಡಿಸಿದ್ದ ಪಚ್ಚೆ. ಆಗ ಎಳೆಗರಿಕೆಯ ಹಸಿರು. ಈಗ ಒಳಗೆಲ್ಲ ಬೆಳ್ಳಗಿನ ಗೀರು. ಕೊಟ್ಟವನ ಮನಸ್ಸು ಎರಡಾದರೆ ಪಚ್ಚೆ ಬಿರಿಯುತ್ತದೆ ಎಂದು ರಾಜಶ್ರೀಯ ಆಯಿ, ಅಂದರೆ ಅಜ್ಜಿ ರೇವವ್ವ, ತೀರ್ಪು ಕೊಟ್ಟಾಗಿತ್ತು. ನಾಳೆ ಹಿರಿಯರು ಉಂಗುರ ವಾಪಸ್ ಮಾಡುವವರು ಎಂದೂ ಅವನಿಗೆ ಹೇಳಿದಳು. ಅಲ್ಲಿಗೆ ಮದುವೆ ಮುರಿದ ಹಾಗೇ. ಯಾರಿಗೂ ಹೇಳದೆ ನಾಲತವಾಡದಿಂದ ಬಸ್ ಹತ್ತಿದವಳು ದಾರಿಯುದ್ದಕ್ಕೂ ಒಂದೇ ಬೇಡಿಕೊಂಡಿದ್ದಳು... ಸುಳ್ಳಾಗಲಿ, ದೇವರೇ, ಸುಳ್ಳಾಗಲಿ.

ಮಾಳಿಂಗ ಭೂತಗನ್ನಡಿ ಹಿಡಿದು ನೋಡಿದ. “ಉಂಗರಕ ಏನ್ ಮಾಡೀರಿ?”

“ಏನೂ ಇಲ್ರಿ. ಬುಧವಾರ ಹಾಲಾಗ ಇಟ್ಟು ಹಾಕ್ಕೋಬೇಕಂತ. ಅದಕ್ಕ ಮೊದ್ಲ ಅರಿಶಿಣದ ಜಿಡ್ಡು ಹೋಗ್ಲಿ ಅಂತ ಆಯಿ ಅಂಟವಾಳದ ನೀರಾಗ ಕುದಿಸಿದ್ಳು.”

“ಕುದಿಸಿದ್ಳು?”

“ಹೂನ್ರಿ. ಬಂಗಾರೆಲ್ಲ ನಮ್ಮನ್ಯಾಗ ಹಂಗ ತೊಳೀತೀವಿ.”

ಅವನಿಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು. ಇಲ್ಲಿ ನನ್ನ ಜೀವ ಹೋಗಾಕತ್ತೈತಿ, ಇವರಿಗಿ ನಗಿ!

“ಪಚ್ಚಿ ನೆಲದಾಗ ಬಿರುಕ ಇಟ್ಕೊಂಡ ಹುಟ್ಟತೈತಿ. ಜೈಪುರದಾಗ ಕೊಯ್ದ ಮ್ಯಾಲ ಎಣ್ಣಿ ಕುಡಸ್ತಾರ, ಬಿರುಕ ಕಾಣಂಗಿಲ್ಲ. ಕುದಿನೀರಾಗ ಆ ಎಣ್ಣಿ ಹೋತು, ಅಷ್ಟ. ಬಿಸಿನೀರು ತಾಗಸಬ್ಯಾಡ ಅಂತ ಅವತ್ತ ಹೇಳಬೇಕಿತ್ತು ನಾ...”

“ಮತ್ಯಾಕ ಹೇಳಲಿಲ್ರಿ?”

“ನಿನ್ನ ನೋಡಿ ಮರ್ತ ಹೋತು.”

ರಾಜಶ್ರೀ ನೆಲ ನೋಡಿದಳು. ಅಷ್ಟು ದೂರದಿಂದ ಹೊತ್ತು ತಂದ ಸಿಟ್ಟು, ಹುಡುಕಿದರೂ ಸಿಗಲಿಲ್ಲ.

ಮಾಳಿಂಗನ ನಗು ಈಗ ನಿಂತಿತ್ತು. “ಒಂದ್ ಮಾತ ಹೇಳು. ನಾಳೆ ಹಿರಿಯರ ಬರಾವ್ರ ಇದ್ರಲ್ಲ, ನೀನ ಯಾಕ ಬಂದಿ?”

ಅವಳು ಉಂಗುರದ ಕಡೆ ಕೈ ಚಾಚಿದಳು.

“ಅವರು ಬಂದಿದ್ರ ಉಂಗರಾ ಇಲ್ಲೇ ಬಿಟ್ಟು ಹೋಗ್ತಿದ್ರು... ನಾ ಹಾಕ್ಕೊಂಡು ಹೋಗಾಕ ಬಂದೇನಿ.”

ಅವನಿಗೆ ಹಿಡಿಸಲಾರದಷ್ಟು ಖುಷಿಯಾಯಿತು. “ನಾಕ ದಿನ ಬಿಡು, ಎಣ್ಣಿ ಕುಡಿಸಿ ಕೊಡ್ತೇನಿ.”

“ಬರೇ ಬೆರಳ ಇಟ್ಕೊಂಡು ಮನಿಗಿ ಹೆಂಗ ಹೋಗ್ಲಿ? ಹಂಗ ಹಾಕ್ರಿ.”

“ಬಿರುಕ ಕಾಣ್ತಾವಲಾ.”

“ಕಾಣ್ಲಿ. ಆಯಿಗೆ ನಾ ಹೇಳ್ತೇನಿ.”

ಅವನು ಅವಳ ಕಿರುಬೆರಳಿಗೆ ಉಂಗುರ ಏರಿಸಿದ. “ಏನಂತ ಹೇಳ್ತಿ?”

“ಹುಡುಗ ಛಲೋ ಅದಾನ... ಹರಳ ಅಷ್ಟ ಕುದಿಸಬ್ಯಾಡ ಅಂತ.”